ಮುಷ್ಟಿಮಲ್ಲ ರಾಬಿನ್ಸನ್

ಬೇರೆ ಬೇರೆ ಕಾಲದಲ್ಲಿ ಬಾಳಿದ ಇಬ್ಬರು ವೀರರು ಎದುರುಬದುರಾಗಿ ನಿಂತಿದ್ದರೆ ಗೆಲುವು ಯಾರದಾಗುತ್ತಿತ್ತು ಎಂದು ಕಲ್ಪಿಸಿಕೊಳ್ಳುವುದು ಮನುಷ್ಯನಿಗೆ ಬಹು ಪ್ರಿಯವಾದ ವಿನೋದ. ಗರಡಿಯ ಜಗಲಿಯ ಮೇಲೆ ಕುಳಿತ ಹಿರಿಯರು ತಮ್ಮ ಯೌವನದ ಜಟ್ಟಿಯನ್ನು ಇಂದಿನ ಜಟ್ಟಿಯೊಡನೆ ಮಾತಿನಲ್ಲಿಯೇ ಸೆಣಸಾಡಿಸುವುದುಂಟು. ಮುಷ್ಟಿಯುದ್ಧದ ಅಭಿಮಾನಿಗಳಿಗಂತೂ ಇದೊಂದು ತೀರದ ಹವ್ಯಾಸ. 1967ರಲ್ಲಿ ಅಮೆರಿಕದಲ್ಲಿ ಗಣಕಯಂತ್ರಕ್ಕೆ ಹಳೆಯ ಮಲ್ಲರ ಗುಣದೋಷಗಳನ್ನೆಲ್ಲ ಉಣಿಸಿ, ಅದು ಹೇಳಿದ ಫಲಿತಾಂಶವನ್ನು ಆಕಾಶವಾಣಿಯಲ್ಲಿ ನಿಜವಾದ ಕಾಳಗದಂತೆ ವರ್ಣಿಸಿ ಬಿತ್ತರಿಸಿದರು. ಜನರು ಅದನ್ನು ಕುತೂಹಲದಿಂದ ಆಲಿಸಿದರು. ಯಂತ್ರವು ಹೇಳಿದ್ದನ್ನು ಎಲ್ಲರೂ ಒಪ್ಪಿದರೆಂದಲ್ಲ. ಒಪ್ಪದೆ ವಾದಿಸುವುದರಲ್ಲಿಯೇ ಈ ವಿನೋದದ ಸವಿಯಿರುವುದು.

ಮುಷ್ಟಿಯುದ್ಧದಲ್ಲಿ ಸ್ಪರ್ಧಿಗಳನ್ನು ದೇಹದ ತೂಕಕ್ಕೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸುತ್ತಾರೆ. 147 ಪೌಂಡುಗಳನ್ನು ಮೀರದವರದು ವೆಲ್ಟರ್ ವರ್ಗ. 160 ಪೌಂಡು, ಅಂದರೆ ಸುಮಾರು 72.5 ಕಿಲೋಗ್ರಾಂ ಮೀರದವರದು ಮಧ್ಯಮ ವರ್ಗ. ಭಾರಿ ವರ್ಗದವರಲ್ಲಿ ಬಲ ಹೆಚ್ಚು, ಹಗುರ ವರ್ಗದವರಲ್ಲಿ ವೇಗ ಹೆಚ್ಚು. ಎರಡೂ ಹದವಾಗಿ ಕೂಡುವುದು ಮಧ್ಯಮ ವರ್ಗದಲ್ಲಿ. ಆದುದರಿಂದಲೇ ಕಲ್ಪನೆಯ ಕಾಳಗಗಳಿಗೆ ಈ ವರ್ಗವು ಫಲವತ್ತಾದ ನೆಲ. ಇಪ್ಪತ್ತನೆಯ ಶತಮಾನದ ಆರಂಭದ ಸ್ಟ್ಯಾನ್ಲಿ ಕೆಚೆಲ್, 1920ರ ದಶಕದ ಹ್ಯಾರಿ ಗ್ರೆಬ್, 1970ರ ದಶಕದ ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೊನ್, 1980ರ ದಶಕದ ಮಾರ್ವಿನ್ ಹ್ಯಾಗ್ಲರ್, ಹೀಗೆ ಪಟ್ಟಿಯು ಬೆಳೆಯುತ್ತದೆ. ಎದುರಾಳಿ ಯಾರೇ ಆಗಲಿ, ಕಣದ ಇನ್ನೊಂದು ಮೂಲೆಯಲ್ಲಿ ಹೆಚ್ಚಾಗಿ ನಿಲ್ಲಿಸುವುದು ಒಬ್ಬನನ್ನೇ. ಅವನೇ ಶುಗರ್ ರೇ ರಾಬಿನ್ಸನ್.

ಅವನ ನಿಜವಾದ ಹೆಸರು ಅದಲ್ಲ. ತಂದೆತಾಯಿಗಳು ಇಟ್ಟ ಹೆಸರು ವಾಕರ್ ಸ್ಮಿತ್. ಅವನು 1921ರ ಮೇ 3ರಂದು ಜನಿಸಿದನು. ಜನನದ ದಾಖಲೆಯ ಪ್ರಕಾರ ಜನ್ಮಸ್ಥಳವು ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯ ರಾಜ್ಯದ ಏಲಿ ಎಂಬ ಸಣ್ಣ ಊರು. ಅವನ ಆತ್ಮಕಥೆಯಲ್ಲಿ ಮಾತ್ರ ಡೆಟ್ರಾಯಿಟ್ ನಗರವೆಂದಿದೆ. ತಂದೆಯು ಹತ್ತಿ, ನೆಲಗಡಲೆ, ಮುಸುಕಿನ ಜೋಳಗಳನ್ನು ಬೆಳೆಯುತ್ತಿದ್ದ ಬಡ ರೈತ. ದಕ್ಷಿಣದಲ್ಲಿ ಕಪ್ಪು ಜನರ ಬಾಳು ಅಂದು ಬಹಳ ಕಷ್ಟದ್ದು. ಕೂಲಿ ಅರಸಿಕೊಂಡು ಸಹಸ್ರಾರು ಕುಟುಂಬಗಳು ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಹೋದಂತೆ ಸ್ಮಿತ್ ಕುಟುಂಬವೂ ಡೆಟ್ರಾಯಿಟ್ ಸೇರಿತು. ತಂದೆಗೆ ಕಟ್ಟಡದ ಕೆಲಸ ಸಿಕ್ಕಿತು. ಆದರೆ ಸಂಸಾರ ನೆಟ್ಟಗೆ ಉಳಿಯಲಿಲ್ಲ. ತಾಯಿ ಲೀಲಾ, ಮಗನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ನ್ಯೂಯಾರ್ಕಿಗೆ ಹೊರಟುಬಂದಳು.

ಡೆಟ್ರಾಯಿಟಿನಲ್ಲಿದ್ದಾಗ ಬಾಲಕನು ಬ್ರೂಸ್ಟರ್ ಎಂಬ ವ್ಯಾಯಾಮಶಾಲೆಗೆ ಹೋಗಿಬರುತ್ತಿದ್ದನು. ಅಲ್ಲಿ ಅವನಿಗಿಂತ ಏಳು ವರ್ಷ ಹಿರಿಯನಾದ ಒಬ್ಬ ತರುಣನು ಮುಷ್ಟಿಯುದ್ಧವನ್ನು ಕಲಿಯುತ್ತಿದ್ದನು. ಆ ತರುಣನ ಚೀಲವನ್ನು ಹೊತ್ತುಕೊಂಡು ಹಿಂದೆ ನಡೆಯುವುದೇ ಬಾಲಕನಿಗೆ ಹೆಮ್ಮೆಯ ವಿಷಯವಾಗಿತ್ತು. ಆ ತರುಣನೇ ಮುಂದೆ 1937ರಿಂದ 1949ರವರೆಗೆ ಭಾರಿ ವರ್ಗದ ವಿಶ್ವವಿಜೇತನಾಗಿ ಮೆರೆದ ಜೋ ಲೂಯಿ.

ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯಲ್ಲಿ ತಾಯಿ ದುಡಿದು ಮೂವರು ಮಕ್ಕಳನ್ನು ಸಾಕಿದಳು. ಹುಡುಗನು ನಾಟಕಶಾಲೆಗಳ ಬೀದಿಗಳಲ್ಲಿ ಕುಣಿದು ದಾರಿಹೋಕರು ಎಸೆದ ಚಿಲ್ಲರೆ ಕಾಸನ್ನು ಆಯ್ದು ತರುತ್ತಿದ್ದನು. ಈ ಕುಣಿತವು ವ್ಯರ್ಥವಾಗಲಿಲ್ಲ. ಮುಂದೆ ಕಣದಲ್ಲಿ ಅವನ ಪಾದಗಳು ಚಲಿಸುತ್ತಿದ್ದ ರೀತಿಯಲ್ಲಿ ಬೀದಿಯ ನರ್ತಕನೇ ಕಾಣಿಸಿಕೊಳ್ಳುತ್ತಿದ್ದನು. ಬಡಾವಣೆಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಜಾರ್ಜ್ ಗೇನ್‌ಫರ್ಡ್ ಎಂಬ ಗುರುವು ಹುಡುಗರಿಗೆ ಮುಷ್ಟಿಯುದ್ಧವನ್ನು ಕಲಿಸುತ್ತಿದ್ದನು. ವಾಕರ್ ಸ್ಮಿತ್ ಅಲ್ಲಿ ಸೇರಿದನು.

ಒಂದು ದಿನ ಹೊರ ಊರಿನ ಸ್ಪರ್ಧೆಯಲ್ಲಿ ಒಬ್ಬ ಸ್ಪರ್ಧಿಯ ಸ್ಥಾನವು ತೆರವಾಯಿತು. ಹುಡುಗನಿಗೆ ಇಳಿಯುವ ಆತುರ. ಆದರೆ ಸ್ಪರ್ಧಿಸಲು ಬೇಕಾದ ಸಂಘದ ಗುರುತುಚೀಟಿ ಅವನಲ್ಲಿರಲಿಲ್ಲ, ಅದನ್ನು ಪಡೆಯುವ ವಯಸ್ಸೂ ಆಗಿರಲಿಲ್ಲ. ಗೇನ್‌ಫರ್ಡನ ಬಳಿ ರೇ ರಾಬಿನ್ಸನ್ ಎಂಬ ಬೇರೊಬ್ಬ ಹುಡುಗನ ಚೀಟಿಯಿತ್ತು. ಆ ಚೀಟಿಯನ್ನು ತೋರಿಸಿ ವಾಕರ್ ಸ್ಮಿತ್ ಕಣಕ್ಕಿಳಿದನು, ಗೆದ್ದನು. ಮತ್ತೆ ಅದೇ ಚೀಟಿ, ಮತ್ತೆ ಗೆಲುವು. ಕೆಲವೇ ದಿನಗಳಲ್ಲಿ ರಾಬಿನ್ಸನ್ ಎಂಬ ಹೆಸರು ಪತ್ರಿಕೆಗಳಲ್ಲಿ ಬರತೊಡಗಿ, ಹಳೆಯ ಹೆಸರಿಗೆ ಹಿಂದಿರುಗುವ ದಾರಿಯೇ ಮುಚ್ಚಿತು. ವಾಟರ್‌ಟೌನ್ ಎಂಬ ಊರಿನಲ್ಲಿ ಅವನ ಆಟವನ್ನು ಕಂಡ ಪತ್ರಿಕಾ ಬರಹಗಾರನೊಬ್ಬನು ಅದರ ಸೊಗಸನ್ನು ಸಕ್ಕರೆಗೆ ಹೋಲಿಸಿದನು. ಅಂದಿನಿಂದ ಶುಗರ್ ಎಂಬುದೂ ಹೆಸರಿನ ಭಾಗವಾಯಿತು. ಎರವಲು ತಂದ ಹೆಸರೊಂದು ಇಷ್ಟು ಕೀರ್ತಿ ಪಡೆದುದು ಕ್ರೀಡೆಯ ಚರಿತ್ರೆಯಲ್ಲಿ ಅಪರೂಪ.

1939 ಮತ್ತು 1940ರಲ್ಲಿ ಹವ್ಯಾಸಿಗಳ ಗೋಲ್ಡನ್ ಗ್ಲವ್ಸ್ ಪಂದ್ಯಾವಳಿಯನ್ನು ಗೆದ್ದ ರಾಬಿನ್ಸನ್ನನು 1940ರ ಅಕ್ಟೋಬರ್ 4ರಂದು ವೃತ್ತಿಪರನಾಗಿ ಮೊದಲ ಬಾರಿ ಕಣಕ್ಕಿಳಿದನು. ಸ್ಥಳ ನ್ಯೂಯಾರ್ಕಿನ ಪ್ರಸಿದ್ಧ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎರಡನೆಯ ಸುತ್ತಿನಲ್ಲಿಯೇ ಎದುರಾಳಿಯನ್ನು ಉರುಳಿಸಿ ತನ್ನ ಕೆಲಸವನ್ನು ಮುಗಿಸಿದನು. ಆದರೆ ಅಂದಿನ ಮುಖ್ಯ ಕಾಳಗ ಅದಲ್ಲ. 1938ರಲ್ಲಿ ಏಕಕಾಲಕ್ಕೆ ಮೂರು ವರ್ಗಗಳ ವಿಶ್ವವಿಜೇತನಾಗಿದ್ದ ಹೆನ್ರಿ ಆರ್ಮ್‌ಸ್ಟ್ರಾಂಗನು ಅದೇ ರಾತ್ರಿ ಫ್ರಿಟ್ಜಿ ಝಿವಿಕ್ ಎಂಬವನಿಗೆ ಸೋತು ವೆಲ್ಟರ್ ವರ್ಗದ ಪದವಿಯನ್ನು ಕಳೆದುಕೊಂಡನು. ಆರ್ಮ್‌ಸ್ಟ್ರಾಂಗನು ರಾಬಿನ್ಸನ್ನನ ಆರಾಧ್ಯ ಪುರುಷ. ಮರುವರ್ಷದ ಅಕ್ಟೋಬರಿನಲ್ಲಿ ರಾಬಿನ್ಸನ್ನನು ಅದೇ ಸ್ಥಳದಲ್ಲಿ ಝಿವಿಕ್ಕನನ್ನು ಸೋಲಿಸಿದನು.

ಮೊದಲ ನಲವತ್ತು ಸ್ಪರ್ಧೆಗಳಲ್ಲಿ ಅವನಿಗೆ ಸೋಲೆಂಬುದೇ ಇರಲಿಲ್ಲ. 1943ರ ಫೆಬ್ರವರಿ 5ರಂದು ಡೆಟ್ರಾಯಿಟಿನಲ್ಲಿ ಜೇಕ್ ಲಾಮೊಟನು ಮೊದಲ ಸೋಲನ್ನು ಉಣಿಸಿದನು. ಲಾಮೊಟನು ಮಧ್ಯಮ ವರ್ಗದವನು. ತೂಕದಲ್ಲಿ ಸುಮಾರು 16 ಪೌಂಡು ಹೆಚ್ಚು. ಎಷ್ಟು ಹೊಡೆತ ತಿಂದರೂ ಗೂಳಿಯಂತೆ ಮುನ್ನುಗ್ಗುವ ಸ್ವಭಾವ ಅವನದು. ಎಂಟನೆಯ ಸುತ್ತಿನಲ್ಲಿ ರಾಬಿನ್ಸನ್ನನು ಹಗ್ಗಗಳ ನಡುವಿನಿಂದ ಕಣದಾಚೆಗೆ ಉರುಳಿದನು. ಮೂರು ವಾರಗಳ ತರುವಾಯ ಅದೇ ಊರಿನಲ್ಲಿ ಅವನು ಲಾಮೊಟನನ್ನು ಸೋಲಿಸಿ ಸೇಡು ತೀರಿಸಿಕೊಂಡು, ಮರುದಿನವೇ ಸೈನ್ಯಕ್ಕೆ ಸೇರಿದನು.

ಸೈನ್ಯದಲ್ಲಿರುವಾಗಲೇ, 1943ರ ಆಗಸ್ಟಿನಲ್ಲಿ, ಅವನಿಗೆ ಆರ್ಮ್‌ಸ್ಟ್ರಾಂಗನೊಡನೆ ಸೆಣಸುವ ಸಂದರ್ಭ ಬಂದಿತು. ಕಲ್ಪನೆಯಲ್ಲಿ ಮಾತ್ರ ನಡೆಯಬೇಕಾದ ಎರಡು ಕಾಲಗಳ ಕಾಳಗವು ಇಲ್ಲಿ ಕಣ್ಣೆದುರಿಗೆ ನಡೆಯಿತು. ಆದರೆ ಅದರಲ್ಲಿ ಸೊಗಸೇನೂ ಇರಲಿಲ್ಲ. ರಾಬಿನ್ಸನ್ನನಿಗೆ 22 ವರ್ಷ. ಆರ್ಮ್‌ಸ್ಟ್ರಾಂಗನು ಮೂವತ್ತನ್ನು ಆಗಷ್ಟೇ ದಾಟಿದ್ದರೂ ನೂರಾರು ಕಾಳಗಗಳಲ್ಲಿ ಸವೆದುಹೋಗಿದ್ದನು. ಹತ್ತು ಸುತ್ತುಗಳಲ್ಲಿ ರಾಬಿನ್ಸನ್ನನು ಅವನನ್ನು ಕೆಡವಲಿಲ್ಲ. ಕೆಡವಲಾರದೆ ಅಲ್ಲ, ಪೂಜಿಸಿದವನನ್ನು ನೆಲಕ್ಕುರುಳಿಸುವ ಮನಸ್ಸಾಗದೆ ಕೈ ತಡೆದನೆಂದು ಅವನೇ ಮುಂದೆ ಒಪ್ಪಿಕೊಂಡನು. ಆರ್ಮ್‌ಸ್ಟ್ರಾಂಗನು ಐದು ವರ್ಷಗಳ ಹಿಂದೆ ಹೇಗಿದ್ದನೆಂಬುದನ್ನು ಬಲ್ಲವರು ಯಾರೂ ಆ ರಾತ್ರಿಯ ಫಲಿತಾಂಶದಿಂದ ಇಬ್ಬರ ಯೋಗ್ಯತೆಯನ್ನು ಅಳೆಯಲಿಲ್ಲ.

ಸೈನ್ಯದಲ್ಲಿ ರಾಬಿನ್ಸನ್ ಮತ್ತು ಜೋ ಲೂಯಿ ಊರೂರು ಸುತ್ತಿ ಸೈನಿಕರ ಮುಂದೆ ಪ್ರದರ್ಶನ ನೀಡುತ್ತಿದ್ದರು. ಮಿಸಿಸಿಪ್ಪಿಯ ಒಂದು ಶಿಬಿರದಲ್ಲಿ ಕಪ್ಪು ಸೈನಿಕರಿಗೆ ಪ್ರದರ್ಶನ ನೋಡಲು ಅವಕಾಶವಿಲ್ಲವೆಂದು ತಿಳಿದಾಗ ಇಬ್ಬರೂ ಕಣಕ್ಕಿಳಿಯಲು ನಿರಾಕರಿಸಿದರು. ಸೈನ್ಯದಲ್ಲಿ ಆಜ್ಞೆ ಮೀರುವುದು ಸಣ್ಣ ಮಾತಲ್ಲ.

ವೆಲ್ಟರ್ ವರ್ಗದಲ್ಲಿ ಅವನನ್ನು ಮೀರಿಸುವವರಿಲ್ಲವೆಂದು ಎಲ್ಲರೂ ಬಲ್ಲರು. ಆದರೂ ವಿಶ್ವವಿಜೇತನ ಪದವಿಗಾಗಿ ಸ್ಪರ್ಧಿಸುವ ಅವಕಾಶವು ಅವನಿಗೆ ವರ್ಷಗಟ್ಟಲೆ ಸಿಗಲಿಲ್ಲ. ಅಮೆರಿಕದ ಮುಷ್ಟಿಯುದ್ಧವು ಅಂದು ಜೂಜುಕೋರರ, ಪಾತಕಿಗಳ ಹಿಡಿತದಲ್ಲಿತ್ತು. ಅವರು ಹೇಳಿದಾಗ ಗೆದ್ದು ಹೇಳಿದಾಗ ಸೋಲುವವರಿಗೆ ದಾರಿ ಸುಗಮ. ರಾಬಿನ್ಸನ್ನನು ಅವರಿಗೆ ತಲೆಬಾಗಲಿಲ್ಲ. ತನ್ನ ಸಂಭಾವನೆಯನ್ನು ತಾನೇ ಚೌಕಾಸಿ ಮಾಡಿ ಪಡೆಯುತ್ತಿದ್ದನು. ವ್ಯವಸ್ಥಾಪಕರು ಅವನನ್ನು ಜಗಳಗಂಟನೆಂದು ದೂರಿದರು. ಆ ದೂರಿನಲ್ಲಿ ಸ್ವಲ್ಪ ನಿಜವೂ ಇತ್ತು. ಹಣದ ವಿಷಯದಲ್ಲಿ ಅವನು ಕಡೆಯ ಗಳಿಗೆಯಲ್ಲಿ ಹಟ ಹಿಡಿಯುತ್ತಿದ್ದುದುಂಟು. ಆದರೆ ಕಪ್ಪು ಮಲ್ಲರ ದುಡಿಮೆಯನ್ನು ಇತರರು ತಿಂದುಹಾಕುತ್ತಿದ್ದ ಕಾಲದಲ್ಲಿ ಆ ಹಟಕ್ಕೆ ಬೇರೆಯ ಅರ್ಥವಿದೆ. ಕೊನೆಗೆ 1946ರ ಡಿಸೆಂಬರ್ 20ರಂದು ಟಾಮಿ ಬೆಲ್ಲನನ್ನು 15 ಸುತ್ತುಗಳಲ್ಲಿ ಸೋಲಿಸಿ ವೆಲ್ಟರ್ ವರ್ಗದ ಪದವಿಯನ್ನು ಪಡೆದನು.

ಆರು ತಿಂಗಳು ಕಳೆಯುವಷ್ಟರಲ್ಲಿ ಅವನ ಬಾಳಿನ ಅತ್ಯಂತ ದುಃಖದ ಘಟನೆ ನಡೆಯಿತು. 1947ರ ಜೂನ್ 24ರಂದು ಕ್ಲೀವ್‌ಲೆಂಡ್ ನಗರದಲ್ಲಿ ಜಿಮ್ಮಿ ಡಾಯ್ಲ್ ಎಂಬ ತರುಣನೊಡನೆ ಸ್ಪರ್ಧೆ ಗೊತ್ತಾಗಿತ್ತು. ಡಾಯ್ಲನು ಹಿಂದಿನ ವರ್ಷ ಅದೇ ನಗರದಲ್ಲಿ ತಲೆಗೆ ಭಾರಿ ಪೆಟ್ಟು ತಿಂದು ಚೇತರಿಸಿಕೊಂಡಿದ್ದವನು. ಸ್ಪರ್ಧೆಯ ಹಿಂದಿನ ರಾತ್ರಿ ರಾಬಿನ್ಸನ್ನನಿಗೆ ಕನಸು ಬಿದ್ದಿತು. ಕನಸಿನಲ್ಲಿ ತನ್ನ ಹೊಡೆತಕ್ಕೆ ಡಾಯ್ಲನು ಸತ್ತುಬಿದ್ದುದನ್ನು ಕಂಡು ಬೆದರಿ ಎದ್ದನು. ಬೆಳಗಾದೊಡನೆ ತಾನು ಸ್ಪರ್ಧಿಸುವುದಿಲ್ಲವೆಂದು ವ್ಯವಸ್ಥಾಪಕರಿಗೆ ತಿಳಿಸಿದನು. ಟಿಕೆಟುಗಳು ಮಾರಾಟವಾಗಿದ್ದವು. ಪಾದ್ರಿಗಳನ್ನು ಕರೆಸಿ, ಕನಸಿಗೆ ಹೆದರುವುದು ಸಲ್ಲದೆಂದು ಹೇಳಿಸಿ ಅವನನ್ನು ಒಪ್ಪಿಸಿದರು. ಎಂಟನೆಯ ಸುತ್ತಿನಲ್ಲಿ ರಾಬಿನ್ಸನ್ನನ ಎಡಗೈ ಹೊಡೆತಕ್ಕೆ ಡಾಯ್ಲನು ಬಿದ್ದನು. ತಲೆ ನೆಲಕ್ಕೆ ಅಪ್ಪಳಿಸಿತು. ಅವನು ಮತ್ತೆ ಎಚ್ಚರಗೊಳ್ಳಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟನು.

ವಿಚಾರಣೆಯಲ್ಲಿ ರಾಬಿನ್ಸನ್ನನ ಮೇಲೆ ತಪ್ಪು ಹೊರಿಸಲಿಲ್ಲ. ನಿಯಮದಂತೆ ಅವನು ಮಾಡಿದ್ದು ತನ್ನ ವೃತ್ತಿಯನ್ನು ಮಾತ್ರ. ಆದರೆ ಡಾಯ್ಲನು ಕಾಳಗದಿಂದ ಬರುವ ಹಣದಲ್ಲಿ ತಾಯಿಗೆ ಒಂದು ಮನೆ ಕೊಳ್ಳಬೇಕೆಂದಿದ್ದನೆಂಬ ಸಂಗತಿ ಅವನಿಗೆ ತಿಳಿದುಬಂದಿತು. ಮುಂದಿನ ನಾಲ್ಕು ಸ್ಪರ್ಧೆಗಳ ಸಂಪಾದನೆಯನ್ನು ಅವನು ಆ ತಾಯಿಯ ಮನೆಗಾಗಿ ಕೊಟ್ಟನು. ಈ ಆಟದಲ್ಲಿ ಸೊಗಸು ಮತ್ತು ಕ್ರೌರ್ಯ ಎಷ್ಟು ಹತ್ತಿರವೆಂಬುದನ್ನು ಅವನಂತೆ ಅರಿತವರು ಕಡಿಮೆ. ಮುಂದೆ 1950ರಲ್ಲಿ ಒಂದು ಸ್ಪರ್ಧೆಯ ತನ್ನ ಪಾಲಿನಲ್ಲಿ ಒಂದೇ ಒಂದು ಡಾಲರನ್ನು ಇರಿಸಿಕೊಂಡು ಉಳಿದುದನ್ನು ಕ್ಯಾನ್ಸರ್ ಪರಿಹಾರ ನಿಧಿಗೆ ದಾನ ಮಾಡಿದನು.

ಅವನ ಕಾದಾಟದ ರೀತಿಯನ್ನು ಕಂಡವರಿಗೆ ಮೊದಲು ಎದ್ದುತೋರುತ್ತಿದ್ದುದು ಪಾದಗಳು. ಎತ್ತರವಾದ, ತೆಳ್ಳನೆಯ ದೇಹ. ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಹಗುರವಾದ ನಡೆ. ಸಾಮಾನ್ಯವಾಗಿ ಬಲವಾದ ಹೊಡೆತ ಹೊಡೆಯಬೇಕಾದರೆ ಮಲ್ಲನು ನೆಲದ ಮೇಲೆ ಕಾಲೂರಿ ಮುಂದಕ್ಕೆ ಬಾಗಬೇಕು. ರಾಬಿನ್ಸನ್ನನಾದರೋ ಹಿಂದಕ್ಕೆ ಸರಿಯುತ್ತಿರುವಾಗಲೂ ಎದುರಾಳಿಯನ್ನು ಕೆಡವಬಲ್ಲವನಾಗಿದ್ದನು. ಎಡಗೈ ಬಲಗೈ ಎರಡರಲ್ಲಿಯೂ ಸಮಾನ ಶಕ್ತಿ. ಒಂದು ಹೊಡೆತದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಮದ್ದಳೆಯ ಪೆಟ್ಟಿನಂತೆ ಬೀಳುತ್ತಿದ್ದವು. ತೂಕದ ಭೇದವನ್ನು ಬದಿಗಿಟ್ಟು ನೋಡಿದರೆ ಎಲ್ಲ ವರ್ಗಗಳ ಮಲ್ಲರಲ್ಲಿ ಶ್ರೇಷ್ಠನು ಯಾರು ಎಂದು ಕೇಳುವ ವಾಡಿಕೆ ಅವನಿಗಿಂತ ಹಿಂದೆಯೇ ಇದ್ದಿತಾದರೂ, ಅದು ಮನೆಮಾತಾದುದು ಅವನಿಂದಲೇ.

1951ರ ಫೆಬ್ರವರಿ 14ರಂದು ಚಿಕಾಗೋ ನಗರದಲ್ಲಿ ಅವನು ಮಧ್ಯಮ ವರ್ಗದ ಪದವಿಗಾಗಿ ಲಾಮೊಟನನ್ನು ಆರನೆಯ ಬಾರಿ ಎದುರಿಸಿದನು. ಮೊದಲ ಸುತ್ತುಗಳಲ್ಲಿ ಲಾಮೊಟನು ಎಂದಿನಂತೆ ನುಗ್ಗಿದನು. ರಾಬಿನ್ಸನ್ನನು ಅವನನ್ನು ದಣಿಯಗೊಟ್ಟು, ಹತ್ತನೆಯ ಸುತ್ತಿನ ನಂತರ ಹೊಡೆತಗಳ ಮಳೆಗರೆದನು. ಹಗ್ಗವನ್ನು ಆತುಕೊಂಡು ನಿಂತ ಲಾಮೊಟನ ಕೈಗಳು ಏಳಲಿಲ್ಲ. ಆದರೂ ಅವನು ಕೆಳಗೆ ಬೀಳಲಿಲ್ಲ. ಹದಿಮೂರನೆಯ ಸುತ್ತಿನಲ್ಲಿ ತೀರ್ಪುಗಾರನೇ ನಡುವೆ ಬಂದು ಕಾಳಗವನ್ನು ನಿಲ್ಲಿಸಿದನು. ಆರು ಭೇಟಿಗಳಲ್ಲಿ ಐದು ರಾಬಿನ್ಸನ್ನನವು.

ಹೊಸ ಪದವಿಯೊಡನೆ ಅವನು ಗೆಳೆಯರು, ಕ್ಷೌರಿಕ, ಗುಲಾಬಿ ಬಣ್ಣದ ಕ್ಯಾಡಿಲಾಕ್ ಕಾರು ಸಹಿತವಾಗಿ ಯುರೋಪಿನ ಪ್ರವಾಸ ಕೈಗೊಂಡನು. ಮೋಜಿನಲ್ಲಿ ಮೈಮರೆತು ಜುಲೈ 10ರಂದು ಲಂಡನ್ನಿನಲ್ಲಿ ರ್ಯಾಂಡಾಲ್ಫ್ ಟರ್ಪಿನ್ ಎಂಬ ಆಂಗ್ಲ ತರುಣನಿಗೆ ಪದವಿಯನ್ನು ಒಪ್ಪಿಸಿದನು. 91 ಸ್ಪರ್ಧೆಗಳಲ್ಲಿ ಸೋಲಿಲ್ಲದೆ ಸಾಗಿದ್ದ ಓಟವು ಅಲ್ಲಿಗೆ ನಿಂತಿತು. 64 ದಿನಗಳ ತರುವಾಯ ನ್ಯೂಯಾರ್ಕಿನಲ್ಲಿ ಅರವತ್ತು ಸಾವಿರ ಜನರೆದುರು ಮತ್ತೆ ಭೇಟಿ. ಹತ್ತನೆಯ ಸುತ್ತಿನಲ್ಲಿ ರಾಬಿನ್ಸನ್ನನ ಕಣ್ಣಿನ ಮೇಲೆ ಗಾಯವಾಗಿ ರಕ್ತ ಸುರಿಯತೊಡಗಿತು. ಇನ್ನು ತಡವಾದರೆ ಕಾಳಗವನ್ನು ನಿಲ್ಲಿಸಿಬಿಡುವರೆಂದು ಅರಿತು ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಟರ್ಪಿನ್ನನ ಮೇಲೆರಗಿದನು. ಅದೇ ಸುತ್ತಿನಲ್ಲಿ ಪದವಿ ಮರಳಿತು.

1952ರ ಜೂನ್ 25ರಂದು ಇನ್ನೂ ಮೇಲಿನ ವರ್ಗದ ಜೋಯಿ ಮ್ಯಾಕ್ಸಿಮ್ಮನನ್ನು ಎದುರಿಸಿದುದು ಯಾಂಕೀ ಕ್ರೀಡಾಂಗಣದಲ್ಲಿ. ಕಣದ ದೀಪಗಳ ಕೆಳಗೆ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿತ್ತು. ಹತ್ತನೆಯ ಸುತ್ತಿನ ಕೊನೆಗೆ ತೀರ್ಪುಗಾರನೇ ಬಳಲಿ ಹಿಂದೆ ಸರಿದು, ಬೇರೊಬ್ಬನು ಅವನ ಸ್ಥಾನಕ್ಕೆ ಬರಬೇಕಾಯಿತು. ಅಂಕಗಳಲ್ಲಿ ರಾಬಿನ್ಸನ್ನನು ಬಹು ಮುಂದಿದ್ದನು. ಹದಿಮೂರನೆಯ ಸುತ್ತಿನಲ್ಲಿ ಬೀಸಿದ ಒಂದು ಹೊಡೆತವು ಗುರಿತಪ್ಪಿ, ಆ ರಭಸಕ್ಕೆ ತಾನೇ ಮುಗ್ಗರಿಸಿ ಮುಖವಡಿಯಾಗಿ ಬಿದ್ದನು. ಹದಿನಾಲ್ಕನೆಯ ಸುತ್ತಿಗೆ ಪೀಠದಿಂದ ಏಳಲಾಗಲಿಲ್ಲ. ಸುಮಾರು ಇನ್ನೂರು ಸ್ಪರ್ಧೆಗಳ ಅವನ ಬಾಳಿನಲ್ಲಿ ಕಾಳಗವನ್ನು ನಡುವೆಯೇ ಕೈಬಿಡಬೇಕಾಗಿ ಬಂದುದು ಅದೊಂದೇ ಸಲ. ಅವನನ್ನು ಸೋಲಿಸಿದುದು ಮ್ಯಾಕ್ಸಿಮ್ಮನೆನ್ನುವುದಕ್ಕಿಂತ ಬಿಸಿಲ ಬೇಗೆ ಎನ್ನುವುದು ನ್ಯಾಯ.

ಆ ವರ್ಷದ ಕೊನೆಗೆ ನಿವೃತ್ತಿಯನ್ನು ಸಾರಿ ರಂಗಭೂಮಿಯ ನರ್ತಕನಾದನು. ಹಾರ್ಲೆಂ ಬಡಾವಣೆಯಲ್ಲಿ ಅವನ ಉಪಾಹಾರಗೃಹ, ಕ್ಷೌರದ ಅಂಗಡಿ, ಬಟ್ಟೆ ಒಗೆಯುವ ಅಂಗಡಿಗಳು ಸಾಲಾಗಿದ್ದವು. ನೃತ್ಯದಲ್ಲಿ ಮಲ್ಲರ ಮಟ್ಟಿಗೆ ಅವನು ಚೆನ್ನಾಗಿದ್ದನು. ನರ್ತಕರ ಮಟ್ಟಿಗೆ ಸಾಧಾರಣ. ಅಂಗಡಿಗಳ ಲೆಕ್ಕವೂ ಏರುಪೇರಾಯಿತು. 1955ರಲ್ಲಿ ಮತ್ತೆ ಕಣಕ್ಕೆ ಬಂದನು. ಬೊಬೊ ಓಲ್ಸನ್ನನನ್ನು ಎರಡನೆಯ ಸುತ್ತಿನಲ್ಲಿ ಉರುಳಿಸಿ ಪದವಿಯನ್ನು ಮರಳಿ ಪಡೆದನು. 1957ರ ಜನವರಿಯಲ್ಲಿ ಜೀನ್ ಫುಲ್ಮರನಿಗೆ ಸೋತು ಕಳೆದುಕೊಂಡನು. ಆ ಮೇ ತಿಂಗಳ ಮೊದಲ ದಿನ ಚಿಕಾಗೋದಲ್ಲಿ ನಡೆದ ಮರುಭೇಟಿಯ ಐದನೆಯ ಸುತ್ತಿನಲ್ಲಿ ಅವನ ಎಡಗೈ ಹೊಡೆತವೊಂದು ಫುಲ್ಮರನ ದವಡೆಗೆ ತಾಗಿತು. ಅದಕ್ಕೆ ಮೊದಲು ಫುಲ್ಮರನು ಯಾರಿಂದಲೂ ನಾಕ್‌ಔಟ್ ಆದವನಲ್ಲ. ತೀರ್ಪುಗಾರನು ಹತ್ತು ಎಣಿಸಿ ಮುಗಿಸಿದುದೂ ಅವನ ಅರಿವಿಗೆ ಬರಲಿಲ್ಲ. ಚಲನಚಿತ್ರದಲ್ಲಿ ಉಳಿದಿರುವ ಆ ಹೊಡೆತವನ್ನು ಇಂದಿಗೂ ಕಲಿಯುವವರಿಗೆ ತೋರಿಸುತ್ತಾರೆ. ಅದೇ ವರ್ಷ ಕಾರ್ಮೆನ್ ಬಸಿಲಿಯೊ ಎಂಬವನಿಗೆ ಸೋತು, 1958ರ ಮಾರ್ಚ್ 25ರಂದು ಅವನನ್ನೇ ಸೋಲಿಸಿದಾಗ ಮಧ್ಯಮ ವರ್ಗದ ಪದವಿಯು ಐದನೆಯ ಬಾರಿ ಅವನದಾಯಿತು. ಆಗ ಅವನಿಗೆ ಮೂವತ್ತೇಳು ತುಂಬುತ್ತಿತ್ತು. ಬಸಿಲಿಯೊ ಒಂದು ಕಣ್ಣು ಊದಿ ಮುಚ್ಚಿಹೋದರೂ ಕೊನೆಯ ಸುತ್ತಿನವರೆಗೆ ಕಾದಿದನು.

ಒಂದು ಕಣ್ಣಿನಲ್ಲಿ ಒಂದು ರಾತ್ರಿ ಕಾದುವುದಲ್ಲ, ವರ್ಷಗಟ್ಟಲೆ ಕಾದಿದವನೊಬ್ಬನಿದ್ದನು. ಕಲ್ಪನೆಯ ಕಾಳಗಗಳಲ್ಲಿ ರಾಬಿನ್ಸನ್ನನ ಎದುರು ಮೊದಲು ನಿಲ್ಲಿಸುವುದು ಅವನನ್ನೇ. ಹ್ಯಾರಿ ಗ್ರೆಬ್ ಪಿಟ್ಸ್‌ಬರ್ಗ್ ನಗರದವನು. 1894ರಲ್ಲಿ ಹುಟ್ಟಿ, 1923ರಿಂದ 1926ರವರೆಗೆ ಮಧ್ಯಮ ವರ್ಗದ ವಿಶ್ವವಿಜೇತನಾಗಿದ್ದು, ಅದೇ 1926ರಲ್ಲಿ ಶಸ್ತ್ರಚಿಕಿತ್ಸೆಯ ನಂತರ 32ನೆಯ ವಯಸ್ಸಿನಲ್ಲಿ ತೀರಿಕೊಂಡನು. ಹದಿಮೂರು ವರ್ಷಗಳಲ್ಲಿ ಮುನ್ನೂರರಷ್ಟು ಸ್ಪರ್ಧೆಗಳು. 1919ರ ಒಂದೇ ವರ್ಷದಲ್ಲಿ ನಲವತ್ತೈದು. ಮುಂದೆ ಭಾರಿ ವರ್ಗದ ವಿಶ್ವವಿಜೇತನಾದ ಜೀನ್ ಟನ್ನಿಗೆ ಇಡೀ ಬಾಳಿನಲ್ಲಿ ಒದಗಿದ ಒಂದೇ ಸೋಲು, 1922ರಲ್ಲಿ ಗ್ರೆಬ್ಬನ ಕೈಯಿಂದ ಬಂದುದು. 1921ರಲ್ಲಿ ಆದ ಪೆಟ್ಟಿನಿಂದ ಗ್ರೆಬ್ಬನ ಬಲಗಣ್ಣಿನ ದೃಷ್ಟಿ ಕ್ರಮೇಣ ಹೋಗಿಬಿಟ್ಟಿತ್ತು. ಅದನ್ನು ಅವನು ಮುಚ್ಚಿಟ್ಟು ಕಾದಿದನು. ಎರಡೂ ಕೈಗಳನ್ನು ಬಿಡುವಿಲ್ಲದೆ ಬೀಸುತ್ತ ಎಲ್ಲ ದಿಕ್ಕಿನಿಂದಲೂ ಎರಗುತ್ತಿದ್ದ ಅವನನ್ನು ಜನರು ಗಾಳಿಯಂತ್ರವೆಂದು ಕರೆಯುತ್ತಿದ್ದರು. ಅಷ್ಟು ಸ್ಪರ್ಧೆಗಳಲ್ಲಿ ಒಂದಾದರೂ ಚಲನಚಿತ್ರದಲ್ಲಿ ಉಳಿದಿಲ್ಲ; ಅವನು ಅಭ್ಯಾಸ ಮಾಡುತ್ತಿರುವ ಸ್ವಲ್ಪ ದೃಶ್ಯ ಮಾತ್ರ ಇದೆ. ಕಣ್ಣಿಗೆ ಕಾಣದ ಮಲ್ಲನು ಕಲ್ಪನೆಯಲ್ಲಿ ಬೆಳೆಯುವುದು ಸಹಜ.

ಇಬ್ಬರೂ ಎದುರಾದರೆ? ರಾಬಿನ್ಸನ್ನನು ಮೂರು ಅಂಗುಲ ಎತ್ತರ. ಅವನ ಒಂದೊಂದು ಹೊಡೆತವೂ ಗ್ರೆಬ್ಬನ ಹೊಡೆತಕ್ಕಿಂತ ಭಾರ. ಗ್ರೆಬ್ಬನ ಕಡೆಗೆ ದಣಿವರಿಯದ ಉಸಿರು, ಭಾರಿ ಮಲ್ಲರನ್ನು ಎದುರಿಸಿದ ಅನುಭವ. ರಾಬಿನ್ಸನ್ನನಿಗೆ ತೊಂದರೆ ಕೊಟ್ಟವರನ್ನು ನೆನೆದರೆ ಲಾಮೊಟ, ಫುಲ್ಮರ್, ಬಸಿಲಿಯೊ ಎಲ್ಲರೂ ಬಿಡುವು ಕೊಡದೆ ಮೈಮೇಲೆ ನುಗ್ಗಿದವರೇ. ಇನ್ನು ನಿಯಮಗಳ ಮಾತು. ಗ್ರೆಬ್ಬನ ಕಾಲದಲ್ಲಿ ತಲೆಯಿಂದ ಗುದ್ದುವುದನ್ನೂ ಹೆಬ್ಬೆರಳಿನಿಂದ ಕಣ್ಣು ತಿವಿಯುವುದನ್ನೂ ತೀರ್ಪುಗಾರರು ಬಹುಮಟ್ಟಿಗೆ ಕಂಡೂ ಕಾಣದಂತೆ ಇರುತ್ತಿದ್ದರು. ಇಬ್ಬರ ಕಾಲದಲ್ಲಿಯೂ ಪದವಿಯ ಕಾಳಗ 15 ಸುತ್ತುಗಳದು. 1980ರ ದಶಕದಲ್ಲಿ ಅದನ್ನು 12ಕ್ಕೆ ಇಳಿಸಿದರು. ಇಂದಿನ ವೈದ್ಯಪರೀಕ್ಷೆಯಾದರೆ ಒಕ್ಕಣ್ಣಿನ ಗ್ರೆಬ್ಬನನ್ನು ಕಣದ ಮೆಟ್ಟಿಲನ್ನೇ ಹತ್ತಗೊಡುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಕಣಕ್ಕೆ ಯಾವ ರಾಬಿನ್ಸನ್ನನನ್ನು ಕರೆಯಬೇಕು? 1951ರ ಫೆಬ್ರವರಿಯಲ್ಲಿ ಲಾಮೊಟನನ್ನು ಹಣ್ಣು ಮಾಡಿದ ಇಪ್ಪತ್ತೊಂಬತ್ತರ ತರುಣನನ್ನೋ, 1957ರ ಜನವರಿಯಲ್ಲಿ ಫುಲ್ಮರನೆದುರು ತಡವರಿಸಿದವನನ್ನೋ? ಯಾವ ಗ್ರೆಬ್ಬನನ್ನು, ಕಣ್ಣು ಹೋಗುವ ಮೊದಲಿನವನನ್ನೋ ಆಮೇಲಿನವನನ್ನೋ? ಎರಡು ಕಣ್ಣಿನ ಗ್ರೆಬ್ಬನೂ 1951ರ ಆರಂಭದ ರಾಬಿನ್ಸನ್ನನೂ ಕೂಡಿದರೆ, ಲಾಮೊಟನನ್ನು ನಿಭಾಯಿಸಿದ ತಾಳ್ಮೆಯಿಂದಲೇ ರಾಬಿನ್ಸನ್ನನು ಗೆದ್ದಾನು. ಆದರೆ ಹದಿನೈದು ಸುತ್ತುಗಳೂ ಬೇಕಾದಾವು. ಆರು ವರ್ಷ ಕಳೆದ ರಾಬಿನ್ಸನ್ನನಾದರೆ ಗಾಳಿಯಂತ್ರವನ್ನು ತಡೆಯುವುದು ಕಷ್ಟವಿತ್ತು. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ರಾಬಿನ್ಸನ್ನನ ನಿಜವಾದ ಉತ್ಕರ್ಷವು 1940ರ ದಶಕದಲ್ಲಿ, ವೆಲ್ಟರ್ ವರ್ಗದಲ್ಲಿ ಕಳೆದುಹೋಯಿತು. ಆ ಕಾಲದ ಚಿತ್ರಗಳು ಉಳಿದಿರುವುದು ತೀರ ಕಡಿಮೆ. ಚಿತ್ರದಲ್ಲಿ ಕಾಣುವವನು ಬಹುಪಾಲು ಇಳಿವಯಸ್ಸಿನ ರಾಬಿನ್ಸನ್ನನು. ಆದರೂ 1999ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ಶತಮಾನದ ಶ್ರೇಷ್ಠ ಮುಷ್ಟಿಮಲ್ಲನೆಂದು ಆರಿಸಿದುದು ಅವನನ್ನೇ.

1960ರ ಜನವರಿಯಲ್ಲಿ ಬಾಸ್ಟನ್ನಿನ ಪಾಲ್ ಪೆಂಡರನು ಅವನಿಂದ ಪದವಿಯನ್ನು ಕಸಿದುಕೊಂಡನು. ಅದು ಮತ್ತೆ ಅವನ ಕೈಸೇರಲಿಲ್ಲ. ಆಮೇಲಿನ ಐದು ವರ್ಷಗಳ ಕಥೆಯನ್ನು ವಿವರವಾಗಿ ಹೇಳುವುದರಿಂದ ಪ್ರಯೋಜನವಿಲ್ಲ. ಗಳಿಸಿದ ನಲವತ್ತು ಲಕ್ಷ ಡಾಲರುಗಳಷ್ಟು ಹಣವು ಆಡಂಬರದಲ್ಲಿಯೂ ದಾನದಲ್ಲಿಯೂ ಸೋತ ವ್ಯಾಪಾರದಲ್ಲಿಯೂ ಕರಗಿಹೋಗಿತ್ತು. ಹೊಟ್ಟೆಪಾಡಿಗಾಗಿ ಸಣ್ಣ ಊರುಗಳ ಕಣಗಳಲ್ಲಿ, ಒಂದು ಕಾಲಕ್ಕೆ ಅವನ ಅಭ್ಯಾಸದ ಜೊತೆಗಾರರಾಗಲೂ ಯೋಗ್ಯರಲ್ಲದವರೊಡನೆ ಕಾದಬೇಕಾಯಿತು. 1965ರ ಒಂದೇ ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಬಾರಿ ಕಣಕ್ಕಿಳಿದನು. ಆ ನವೆಂಬರ್ 10ರಂದು ಪಿಟ್ಸ್‌ಬರ್ಗಿನಲ್ಲಿ, ಗ್ರೆಬ್ಬನು ಹುಟ್ಟಿದ ಊರಿನಲ್ಲಿ, ಜೋಯಿ ಆರ್ಚರ್ ಎಂಬ ಯುವಕನು ಅವನನ್ನು ಸೋಲಿಸಿದನು. ಇಪ್ಪತ್ತೆರಡು ವರ್ಷಗಳ ಹಿಂದೆ ಆರ್ಮ್‌ಸ್ಟ್ರಾಂಗನು ನಿಂತಿದ್ದ ಸ್ಥಾನದಲ್ಲಿ ಈಗ ಅವನು ನಿಂತಿದ್ದನು. ಆಗ ಅವನ ವಯಸ್ಸು 44. 170ಕ್ಕೂ ಮಿಕ್ಕ ಗೆಲುವುಗಳು, 19 ಸೋಲುಗಳು ಅವನ ಲೆಕ್ಕದಲ್ಲಿದ್ದವು. ಸೋಲುಗಳಲ್ಲಿ ಬಹುಪಾಲು ಕೊನೆಯ ಹತ್ತು ವರ್ಷಗಳವು.

ಆ ಡಿಸೆಂಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅವನಿಗೆ ಬೀಳ್ಕೊಡುಗೆ ಏರ್ಪಟ್ಟಿತು. ಟರ್ಪಿನ್, ಓಲ್ಸನ್, ಫುಲ್ಮರ್, ಬಸಿಲಿಯೊ ಎಲ್ಲರೂ ಕಣವನ್ನೇರಿ ಅವನ ಜೊತೆಗೆ ನಿಂತರು. ಬಿಳಿಯ ನಿಲುವಂಗಿ ಧರಿಸಿದ ರಾಬಿನ್ಸನ್ನನು ನಾಲ್ಕು ದಿಕ್ಕಿಗೂ ವಂದಿಸಿ, ಹೊಡೆತವಿಲ್ಲದೆ ಆ ಕಣದಿಂದ ಇಳಿದುಬಂದನು.

ಪತ್ನಿ ಮಿಲಿಯೊಡನೆ ಅವನು ಲಾಸ್ ಏಂಜಲೀಸ್ ನಗರದಲ್ಲಿ ನೆಲೆಸಿದನು. 1969ರಲ್ಲಿ ಬಡ ಮಕ್ಕಳಿಗಾಗಿ ತನ್ನ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದನು. ಸಾವಿರಾರು ಮಕ್ಕಳು ಅಲ್ಲಿ ಆಟಗಳನ್ನೂ ಕಲೆಗಳನ್ನೂ ಕಲಿತರು. ಆ ಆಟಗಳ ಪಟ್ಟಿಯಲ್ಲಿ ಮುಷ್ಟಿಯುದ್ಧಕ್ಕೆ ಸ್ಥಾನವಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಮಧುಮೇಹದ ಜೊತೆಗೆ ಮರೆವಿನ ರೋಗವೂ ಅವನನ್ನು ಆವರಿಸಿತು. ಅವನ ಕಾಳಗಗಳನ್ನು ಸುತ್ತು ಸುತ್ತಾಗಿ ನೆನಪಿನಿಂದ ಹೇಳಬಲ್ಲ ಅಭಿಮಾನಿಗಳು ಜಗತ್ತಿನಾದ್ಯಂತ ಇದ್ದರು. ಅವನ ನೆನಪಿನಿಂದ ಮಾತ್ರ ಅವು ಒಂದೊಂದಾಗಿ ಜಾರುತ್ತಿದ್ದವು. 1989ರ ಏಪ್ರಿಲ್ 12ರಂದು, 67ನೆಯ ವಯಸ್ಸಿನಲ್ಲಿ, ಅವನು ನಿಧನ ಹೊಂದಿದನು. ಅವನನ್ನು ಸಮಾಧಿ ಮಾಡಿದುದು ಇಂಗಲ್‌ವುಡ್ ಪಾರ್ಕ್ ಎಂಬ ಸ್ಮಶಾನದಲ್ಲಿ, ಎರವಲು ಪಡೆದ ಆ ಹೆಸರಿನಲ್ಲಿಯೇ.